ಒಣಗೈ ಮೇಸ್ತ್ರಿಯ ಹೆಬ್ಬೆರಳು

ಖಾಲಿ ಸಿಲಿಂಡರುಗಳು ಸಾಲಾಗಿ ನಿಂತ ಅಂಗಳ ದಾಟಿದರೆ ರೆಗ್ಯುಲೇಟರ್ ರಿಪೇರಿಯ ಕೋಣೆ. ಒಳಗೆ ಮೂರು ಮೇಜು. ಕಿಟಕಿ ಪಕ್ಕದ್ದು ನೈಟ್ರೋಜನ್, ಆರ್ಗಾನ್‌ನಂಥ ಸಾಧು ಗ್ಯಾಸುಗಳದು. ಅವು ಯಾರ ತಂಟೆಗೂ ಹೋಗುವುದಿಲ್ಲ. ನಡುವಿನದು ಪರೀಕ್ಷೆಯ ಮೇಜು. ಮೂಲೆಯಲ್ಲಿ, ಗಾಜಿನ ತಡಿಕೆಯ ಆಚೆ, ಬಿಳಿ ಹಾಳೆ ಹಾಸಿದ್ದು ಆಕ್ಸಿಜನ್ನಿನದು. ಅದನ್ನು ಎಲ್ಲರೂ ಒಣಮೇಜು ಅನ್ನುತ್ತಾರೆ. ಅಲ್ಲಿ ಕೂತವನ ಕೈಯಲ್ಲಿ ಎಣ್ಣೆಯ ಪಸೆ ಕೂಡ ಇರಬಾರದು. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಒಂದು ತೊಟ್ಟು ಎಣ್ಣೆ ಸಿಕ್ಕರೆ ಬೆಂಕಿಕಡ್ಡಿ ಗೀರುವ ಕಷ್ಟವೂ ಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಣ್ಣೆಗೂ ಸೀಗೆಕಾಯಿಗೂ ಇರುವ ಜಗಳ ಇದರ ಮುಂದೆ ಮಕ್ಕಳಾಟ.

ಆ ಮೇಜಿಗೆ ಇಪ್ಪತ್ತೊಂಬತ್ತು ವರ್ಷಗಳಿಂದ ಒಬ್ಬನೇ ಒಡೆಯ. ಅವನನ್ನು ಒಣಗೈ ಮೇಸ್ತ್ರಿ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸಿಲಿಂಡರಿನೊಳಗೆ ಮೈತುಂಬ ಸೊಕ್ಕು ತುಂಬಿಕೊಂಡು ಕೂತ ಗ್ಯಾಸನ್ನು ಬೆಸುಗೆಯವನ ಕೈಗೆ ತಲುಪುವಷ್ಟರಲ್ಲಿ ಹದಕ್ಕೆ ತಂದು ಕೊಡುವ ಹಿತ್ತಾಳೆಯ ಗುಂಡುಡಬ್ಬಿಯೇ ರೆಗ್ಯುಲೇಟರ್. ಮೇಲೆ ಒತ್ತಡ ತೋರಿಸುವ ಎರಡು ಮುಳ್ಳುಗಡಿಯಾರ, ಎದುರಿಗೊಂದು ತಿರುಪು, ಒಳಗೊಂದು ಸ್ಪ್ರಿಂಗು, ಒಂದು ತೆಳುಪದರ, ಗ್ಯಾಸಿನ ಬಾಗಿಲಾಗಿ ಕೂರುವ ಒಂದು ಸೀಟು. ಅಷ್ಟಕ್ಕೇ ಅದಕ್ಕೆ ಬರುವ ಕಾಯಿಲೆಗಳು ಮನುಷ್ಯರಿಗೂ ಬರಲಾರವು. ಮೇಸ್ತ್ರಿ ಅವಕ್ಕೆಲ್ಲ ತನ್ನದೇ ಹೆಸರಿಟ್ಟಿದ್ದ. ತಿರುಪನ್ನು ಪೂರ್ತಿ ಸಡಿಲ ಬಿಟ್ಟರೂ ಗ್ಯಾಸು ಹೊರಹೋಗುವ ಕಡೆಯ ಮುಳ್ಳು ಒಂದೊಂದೇ ಗೆರೆ ಮೇಲೇರುತ್ತಿದ್ದರೆ ಅದು 'ತೆವಳು'. ಸೀಟಿನ ಮೇಲೆ ಕಣ್ಣಿಗೆ ಕಾಣದಷ್ಟು ಧೂಳು ಕೂತಿದೆ, ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ ಎಂದು ಅರ್ಥ. ಗ್ಯಾಸು ಹರಿಯುವಾಗ ಮುಳ್ಳು ಕುಸಿದರೆ 'ಸುಸ್ತು'. ಗುಂಯ್ ಅಂದರೆ 'ಗೊರಕೆ'.

ಎಲ್ಲರೂ ರಬ್ಬರಿನ ತೆಳು ಗವಸು ಹಾಕಿಕೊಂಡರೆ ಅವನು ಬರಿಗೈ. "ಗವಸು ಹಾಕಿದ್ರೆ ನನಗೆ ಕಣ್ಣು ಕಟ್ಟಿದ ಹಾಗೆ" ಅನ್ನುವನು. ಬೆರಳ ತುದಿಯಿಂದ ಸೀಟನ್ನೊಮ್ಮೆ ಸವರಿದರೆ ಸಾಕು, ಅದರ ಆಯಸ್ಸು ಹೇಳಿಬಿಡುತ್ತಿದ್ದ. ಕೈಗುಣ ಅಂದರೆ ಅದು. ಆದರೆ ಆ ಕೈಗಳನ್ನು ನೋಡಿದರೆ ಅಯ್ಯೋ ಅನಿಸಬೇಕು. ದಿನಕ್ಕೆ ಹತ್ತು ಸಲ ತೊಳೆದು, ಎಣ್ಣೆ ಮುಲಾಮು ಏನೂ ಕಾಣದೆ ಬಿರುಕು ಬಿಟ್ಟು, ಚಳಿಗಾಲದಲ್ಲಿ ರಕ್ತ ಜಿನುಗುತ್ತಿತ್ತು. ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಹಳೆಯ ಗಾಯದ ಗೆರೆ. ಕೆಲಸ ಕಲಿಯುವಾಗ ತಿರುಪು ಸಡಿಲಿಸದೆ ಮುಚ್ಚಳ ಬಿಚ್ಚಿ, ಸ್ಪ್ರಿಂಗು ಹಾರಿ ಬಡಿದದ್ದು. ಊಟಕ್ಕೂ ಚಮಚ. ಹೊಸ ಅಳಿಯನಾಗಿ ಹೋದಾಗ ಮೊದಲ ದಿನವೇ ಚಮಚ ಕೇಳಿ, ಒಣಜಂಭದವನು ಅಂತ ಅತ್ತೆಯಿಂದ ಅನ್ನಿಸಿಕೊಂಡಿದ್ದ.

ಹೆಂಡತಿಗೆ ಮೊಣಕಾಲು ಮುಟ್ಟುವ ಜಡೆ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಆಸೆಯಿಂದ ಅದರತ್ತ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

"ಎಣ್ಣೆ ಹಚ್ಚಿದ್ದೀಯಾ?"

"ಹಚ್ಚದೆ ಇರ್ತೀನಾ?"

"ಹಾಗಾದ್ರೆ ಭಾನುವಾರ."

ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಅವನು ಭಾನುವಾರದ ಗಂಡ. ನಗುತ್ತಲೇ ಅನ್ನುತ್ತಿದ್ದಳು, ಆದರೆ ಇಪ್ಪತ್ತೆಂಟು ವರ್ಷ ವಾರಕ್ಕೆ ಒಂದೇ ದಿನ ತಲೆ ಸವರಿಸಿಕೊಳ್ಳುವುದೆಂದರೆ ನಗುವಿನೊಳಗೆ ಬೇರೇನೂ ಇರಲಿಲ್ಲ ಅಂತ ನಾವು ನಂಬಬೇಕಾಗಿಲ್ಲ.

ಈ ಸಲ ಅವಳು ಅಟ್ಟದಿಂದ ಪಾತ್ರೆ ಇಳಿಸಲು ಹೋಗಿ ಸ್ಟೂಲಿನಿಂದ ಜಾರಿ ಬಿದ್ದು, ಬಲಗಡೆಯ ಹೆಗಲು ಮುರಿದುಕೊಂಡಳು. ಒಳಗೆ ಪ್ಲೇಟು ಹಾಕಿ, ತೋಳನ್ನು ಎದೆಗೆ ಕಟ್ಟಿ, ಎರಡು ತಿಂಗಳು ಅಲ್ಲಾಡಿಸಬೇಡಿ ಅಂದರು ಡಾಕ್ಟರು. ಮಗಳು ರಜೆ ಹಾಕಿ ಬಂದು ಹದಿನೈದು ದಿನ ನೋಡಿಕೊಂಡು ಹೋದಳು. ಮಗಳು ಹೊರಟ ಮಾರನೆಯ ಬೆಳಿಗ್ಗೆ ಹೆಂಡತಿ ಬಾಚಣಿಗೆ ಹಿಡಿದು ಸುಮ್ಮನೆ ಮಂಚದ ಅಂಚಿನಲ್ಲಿ ಕೂತಿದ್ದಳು. ಮೇಸ್ತ್ರಿ ಹಿಂದೆ ಬಂದು ಕೂತ.

ಮೊದಲ ಜಡೆಯ ಕಥೆ ಕೇಳಬೇಡಿ.

"ಇದೇನ್ರೀ, ಹಗ್ಗ ಹೊಸೀತಿದ್ದೀರಾ?"

"ಎಡಗಡೆ ತಿರುಪು ಬಿದ್ದುಬಿಡ್ತು. ತಡಿ, ಬಿಚ್ಚಿ ಹಾಕ್ತೀನಿ."

"ಬಿಗಿ ಜಾಸ್ತಿ ಆಯ್ತು, ಹುಬ್ಬು ಹಣೆಗೆ ಹತ್ತಿಬಿಟ್ಟಿದೆ ನೋಡಿ."

ಎರಡು ದಿನ ಒಣತಲೆಯನ್ನೇ ಬಾಚಿದ. ಕೂದಲು ಸಿಕ್ಕುಸಿಕ್ಕಾಗಿ, ಪ್ರತಿ ಎಳೆತಕ್ಕೂ ಅವಳ ಹೆಗಲು ನಡುಗುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಮೂರನೆಯ ದಿನ ಅವನು ಗೂಡಿನಿಂದ ಎಣ್ಣೆಯ ಬಾಟಲಿ ತಗೊಂಡ. "ನಿಮ್ಮ ಕೆಲಸ?" ಅಂದಳು. "ತೊಳ್ಕೋತೀನಿ ಬಿಡು" ಅಂದ.

ತೊಳೆಯುವುದನ್ನೂ ಶ್ರದ್ಧೆಯಿಂದಲೇ ತೊಳೆದ. ಮನೆಯಲ್ಲಿ ಬಿಸಿನೀರು, ಸೋಪು, ಉಗುರಿಗೆ ಬ್ರಷ್ಷು, ಮೂರು ಸಲ. ಕೋಣೆಗೆ ಬಂದ ಮೇಲೆ ಜಿಡ್ಡು ತೆಗೆಯುವ ದ್ರವದಲ್ಲಿ ಮತ್ತೊಂದು ಸಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎರಡು ತಿಂಗಳು ಕಿಟಕಿ ಪಕ್ಕದ ಮೇಜಿಗೆ ಕೂರಿಸುತ್ತಾರೆ, ಒಣಮೇಜಿಗೆ ಬೇರೆಯವರು ಬಂದು ಕೂರುತ್ತಾರೆ ಅನ್ನುವುದು ಒಂದು. ಬೆಳಿಗ್ಗೆ ಕಾಲು ಗಂಟೆ ಹೆಂಡತಿಯ ತಲೆಗೆ ಎಣ್ಣೆ ತಿಕ್ಕುವುದು ತನಗೆ ಇಷ್ಟು ಹಿಡಿಸಿಬಿಟ್ಟಿದೆ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಹೇಗೆ ಅನ್ನುವುದು ಇನ್ನೊಂದು. ಇಪ್ಪತ್ತಾರು ದಿನ ಏನೂ ಆಗಲಿಲ್ಲ.

ಇಪ್ಪತ್ತೇಳನೆಯ ದಿನ ಸೋಮವಾರ. ಒಂದು ಗಿರಾಕಿಯಿಂದ ಒಟ್ಟಿಗೆ ಮೂರು ಆಕ್ಸಿಜನ್ ರೆಗ್ಯುಲೇಟರ್ ಬಂದಿದ್ದವು, ಮೂರಕ್ಕೂ ತೆವಳು. ಮೇಸ್ತ್ರಿ ಬಿಚ್ಚಿ, ಸೀಟು ಬದಲಿಸಿ, ಗ್ಯಾಸು ಒಳಬರುವ ಬಾಯಿಯ ಜಾಲರಿ ಹೊಸದು ಕೂರಿಸಿ, ಮೊದಲನೆಯದನ್ನು ಪರೀಕ್ಷೆಗೆ ಕೊಟ್ಟ.

ಪರೀಕ್ಷೆಯ ಮೇಜಿನವಳನ್ನು ಜೋಡಿಕನ್ನಡಕ ಅನ್ನುತ್ತಿದ್ದರು, ಓದುವ ಕನ್ನಡಕದ ಮೇಲೆ ಕಾವಲಿನ ಕನ್ನಡಕವನ್ನೂ ಹಾಕುವವಳಾದ್ದರಿಂದ. ಮೂವತ್ತೈದು ದಾಟಿದ ಹೆಂಗಸು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ನಾಲ್ಕು ವರ್ಷದ ಹಿಂದೆ ಸಿಲಿಂಡರ್ ಲೆಕ್ಕ ಬರೆಯಲು ಬಂದವಳ ಕಣ್ಣು ಚುರುಕಿದೆ ಅಂತ ಮೇಸ್ತ್ರಿಯೇ ಒಳಗೆ ಎಳೆದುಕೊಂಡು ಕಲಿಸಿದ್ದ. ಗಡಿಯಾರದ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ಮೊದಲು ತಿರುಪು ಸಡಿಲ. ಆಮೇಲೆ ಸಿಲಿಂಡರಿನ ವಾಲ್ವು, ಅದೂ ಮಗುವನ್ನು ಎಬ್ಬಿಸುವ ಹಾಗೆ ನಿಧಾನವಾಗಿ. ಅವಳು ತುಟಿಯಲ್ಲೇ ಎಣಿಸುತ್ತ ತಿರುಗಿಸುತ್ತಿದ್ದಳು.

ಆವತ್ತೂ ಎಣಿಸುತ್ತಿದ್ದಳು. ಮೂರು ಅನ್ನುವಷ್ಟರಲ್ಲಿ ಫಟ್ ಅಂತ ಸದ್ದು. ರೆಗ್ಯುಲೇಟರಿನ ಬಾಯಿಂದ ಒಂದು ಬಿಳಿ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು. ಗಡಿಯಾರದ ಗಾಜು ಸೀಳಿತು. ಮೇಸ್ತ್ರಿ ತಡಿಕೆ ದಾಟಿ ಬರುವಷ್ಟರಲ್ಲಿ ಅವಳೇ ಎಡಗೈಯಲ್ಲಿ ವಾಲ್ವು ಮುಚ್ಚಿದ್ದಳು. ಬಲಗೈಯ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು, ಹುಬ್ಬು ಸುಟ್ಟಿತ್ತು, ಹೊರಗಿನ ಕನ್ನಡಕ ಮಸಿ ಹಿಡಿದಿತ್ತು. ಜೋಡಿ ಕನ್ನಡಕ ಅಂತ ನಕ್ಕವರೆಲ್ಲ ಆವತ್ತು ಬಾಯಿ ಮುಚ್ಚಿಕೊಂಡು ನಿಂತರು.

ಅವಳು ಕೈಗೆ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯಿಂದ ವಾಪಸು ಬರುವಷ್ಟರಲ್ಲಿ ಮ್ಯಾನೇಜರು ಅಪಘಾತದ ಫಾರಂ ಹಿಡಿದು ಕೂತಿದ್ದರು. ಕೆಟ್ಟ ಮನುಷ್ಯರೇನಲ್ಲ, ಖಾಲಿ ಜಾಗ ಕಂಡರೆ ತುಂಬಿಸದೆ ನಿದ್ದೆ ಬಾರದವರು, ಅಷ್ಟೇ. ಫಾರಮ್ಮಿನಲ್ಲಿ 'ಕಾರಣ' ಅನ್ನುವ ಜಾಗ ಖಾಲಿಯಿತ್ತು.

"ವಾಲ್ವು ಜೋರಾಗಿ ತೆರೆದರೆ ಒಳಗೆ ಕಾವು ಏರಿ ಹೀಗಾಗುತ್ತೆ, ಅಲ್ವಾ ಮೇಸ್ತ್ರಿ?"

"ಆಗುತ್ತೆ ಸಾರ್. ಆದ್ರೆ ಇವಳು ಹಾಗೆ ತೆರೆಯೋಳಲ್ಲ."

"ಇನ್ನೇನು ಕಾರಣ ಇರೋಕೆ ಸಾಧ್ಯ? ಎಣ್ಣೆ ಅನ್ನೋಣ ಅಂದ್ರೆ, ರೆಗ್ಯುಲೇಟರ್ ಬಂದಿರೋದು ನಿಮ್ಮ ಕೈಯಿಂದ." ಹಾಗೆಂದು ನಕ್ಕೇಬಿಟ್ಟರು. "ನಾಳೆ ಬೆಳಿಗ್ಗೆ ನೀವೊಂದು ಸಹಿ ಹಾಕಿ. ಅವಳನ್ನ ಲೋಡಿಂಗ್ ಕಡೆಗೆ ಹಾಕ್ತೀನಿ. ಕೆಲಸ ತೆಗೆಯೋದು ಬೇಡ, ಪಾಪ. ಆದ್ರೆ ಗ್ಯಾಸಿನ ಹತ್ತಿರ ಇನ್ನು ಬೇಡ."

ಜೋಡಿಕನ್ನಡಕ ಬಟ್ಟೆ ಸುತ್ತಿದ ಕೈ ನೋಡಿಕೊಳ್ಳುತ್ತ ನಿಂತಿದ್ದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದಳು, "ಇರಬಹುದು ಅಣ್ಣ. ಎಣಿಸಿದ ಹಾಗೇ ನೆನಪು. ಆದ್ರೂ ನನಗೇ ಗೊತ್ತಿಲ್ಲದೆ ಬೇಗ ತಿರುಗಿಸಿದೆನೇನೋ."

ಆ ಮಾತು ಮೇಸ್ತ್ರಿಯ ಎದೆಗೆ ನಾಟಿತು. ತಾನು ಕಲಿಸಿದ ಕೈ ತನ್ನನ್ನೇ ನಂಬದೆ ನಿಂತಿತ್ತು.

ಕೋಣೆಯಲ್ಲಿ ಒಂದು ನೇರಳೆ ದೀಪವಿತ್ತು. ಅದರ ಬೆಳಕು ಬಿದ್ದರೆ ಕಣ್ಣಿಗೆ ಕಾಣದ ಜಿಡ್ಡು ತೆಳುನೀಲಿಯಾಗಿ ಹೊಳೆಯುತ್ತದೆ. ಯಾರು ಜೋಡಿಸಿದ ಆಕ್ಸಿಜನ್ ಸಾಮಾನೇ ಆಗಲಿ, ಇನ್ನೊಬ್ಬರು ಆ ದೀಪ ಹಿಡಿದು ನೋಡಿದ ಮೇಲೆಯೇ ಮುಂದಕ್ಕೆ ಹೋಗಬೇಕು. ಮೇಸ್ತ್ರಿಯ ಸಾಮಾನಿಗೆ ಮಾತ್ರ ಈ ಪದ್ಧತಿ ಇರಲಿಲ್ಲ. ಎರಡು ವರ್ಷದ ಹಿಂದೆ ಜೋಡಿಕನ್ನಡಕ ತಿಳಿಯದೆ ಅವನ ತಟ್ಟೆಯ ಮೇಲೂ ದೀಪ ಹಿಡಿದಿದ್ದಳು. "ನನ್ನ ಕೈಯನ್ನೇ ನೋಡ್ತೀಯೇನಮ್ಮ?" ಅಂದಿದ್ದ. ಜೋರಾಗಿಯೇನೂ ಅಂದಿರಲಿಲ್ಲ. ಆದರೂ ಅವಳ ಮುಖ ಸಪ್ಪಗಾಗಿತ್ತು, ಆಮೇಲೆ ಆ ಕಡೆಗೆ ದೀಪ ಹೋಗಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಅವನೊಬ್ಬನೇ ದೀಪ ತಗೊಂಡು ಒಣಮೇಜಿಗೆ ಬಂದ. ಸುಟ್ಟ ರೆಗ್ಯುಲೇಟರ್ ಏನನ್ನೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ, ಒಳಗೆಲ್ಲ ಮಸಿ. ಆದರೆ ಅದರ ಇಬ್ಬರು ಜೊತೆಗಾರರು ತಟ್ಟೆಯಲ್ಲಿ ತಮ್ಮ ಸರದಿ ಕಾಯುತ್ತಿದ್ದರು. ಒಂದನ್ನು ಬಿಚ್ಚಿದ, ಈ ಸಲ ಗವಸು ಹಾಕಿಕೊಂಡು. ಗ್ಯಾಸು ಒಳಬರುವ ಬಾಯಿಯ ಹಿತ್ತಾಳೆ ಕೊಳವೆಯನ್ನು ತಿರುಗಿಸಿ ದೀಪ ಹಿಡಿದ.

ಹೆಬ್ಬೆರಳ ಗುರುತು ಅಚ್ಚೊತ್ತಿದಂತೆ ಹೊಳೆಯುತ್ತಿತ್ತು. ಸುರುಳಿ ಸುರುಳಿ ಗೆರೆ, ಅವುಗಳಿಗೆ ಅಡ್ಡಲಾಗಿ ಒಂದು ಬರೆ.

ಮೇಸ್ತ್ರಿ ಗವಸು ತೆಗೆದು ತನ್ನ ಕೈಯನ್ನೇ ದೀಪದ ಕೆಳಗಿಟ್ಟ. ಅಂಗೈ ಹೊಳೆಯದೆ ಕಪ್ಪಗಿತ್ತು, ಅಂದರೆ ಚೊಕ್ಕಟವಾಗಿತ್ತು. ಬಿರುಕುಗಳು ಮಾತ್ರ ಒಂದೊಂದೂ ನೀಲಿ. ಇಪ್ಪತ್ತೊಂಬತ್ತು ವರ್ಷ ಒಣಗಿಸಿ ಒಣಗಿಸಿ ಸೀಳಿಸಿದ ಚರ್ಮ, ಸೋಪು ಬ್ರಷ್ಷು ಮುಟ್ಟಲಾರದ ಆಳದಲ್ಲಿ ಎಣ್ಣೆಯನ್ನು ಬಚ್ಚಿಟ್ಟುಕೊಂಡು, ಬೆರಳು ಒತ್ತಿದಾಗ ಹೊರಗೆ ಬಿಡುತ್ತಿತ್ತು. ಬೇರೆ ಯಾರ ನುಣುಪು ಕೈಯಾದರೂ ಒಂದೇ ತೊಳೆತಕ್ಕೆ ಬಿಟ್ಟುಕೊಡುತ್ತಿತ್ತು. ಸ್ಟೂಲು ಎಳೆದುಕೊಂಡು ಕೂತುಬಿಟ್ಟ.

ಪಕ್ಕದಲ್ಲೇ ದ್ರವದ ಡಬ್ಬಿ, ಬಿಳಿ ಬಟ್ಟೆ. ಒಂದು ಸಲ ಒರೆಸಿದರೆ ಗುರುತಿಲ್ಲ, ಸಾಕ್ಷಿಯಿಲ್ಲ. ಸಹಿ ಹಾಕಿ ಕೈ ತೊಳೆದುಕೊಳ್ಳಬಹುದು. ಬಟ್ಟೆಯನ್ನು ಎತ್ತಿಕೊಂಡದ್ದೂ ನಿಜ, ಅದನ್ನು ಮುಚ್ಚಿಡುವುದು ಬೇಡ. ಎಷ್ಟು ಹೊತ್ತು ಹಿಡಿದುಕೊಂಡು ಕೂತಿದ್ದನೋ; ಹೊರಗೆ ಕಾಲಸಪ್ಪಳವಾದಾಗ ಕೊಳವೆಯನ್ನು ಹಾಗೆಯೇ ಚೀಲಕ್ಕೆ ಹಾಕಿ, ಚೀಟಿ ಕಟ್ಟಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಒರೆಸಲಿಲ್ಲ. ಹೇಳಲೂ ಇಲ್ಲ.

ಸಂಜೆ ಮನೆಯಲ್ಲಿ ಚಮಚ ತಟ್ಟೆಗೆ ತಾಗುವ ಸದ್ದೊಂದೇ. ಹೇಗೆ ಮುಚ್ಚಿದರೂ ಒಳಗೆ ಮುಳ್ಳು ಒಂದೊಂದೇ ಗೆರೆ ಮೇಲೇರುತ್ತಿತ್ತು. ಹೆಂಡತಿ ಎಡಗೈಯಲ್ಲಿ ಅನ್ನ ಕಲಸುತ್ತ ಅವನ ಮುಖ ನೋಡಿದಳು.

"ಏನಾಯ್ತು?"

"ಏನಿಲ್ಲ. ಪರೀಕ್ಷೆಯವಳ ಕೈ ಸುಟ್ಟಿತು. ರೆಗ್ಯುಲೇಟರ್ ಹೊತ್ತಿಕೊಳ್ತು."

"ಯಾವ ಗ್ಯಾಸು?"

ಇಪ್ಪತ್ತೆಂಟು ವರ್ಷ ಭಾನುವಾರಕ್ಕೆ ಕಾದವಳು ಅವಳು; ಆ ಒಂದು ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಅವಳು ತುತ್ತನ್ನು ತಟ್ಟೆಗೇ ಬಿಟ್ಟಳು.

"ನನ್ನ ತಲೆ ಎಣ್ಣೆಯಿಂದ ಆಯ್ತಾ?"

"ನಿನ್ನ ತಲೆಯಿಂದ ಅಲ್ಲ ಕಣೇ, ನನ್ನ ತಲೆಯಿಂದ. ಎಣ್ಣೆ ಮುಟ್ಟಿದ್ದು ತಪ್ಪಲ್ಲ. ಮುಟ್ಟಿದೀನಿ ಅಂತ ಹೇಳದೇ ಇದ್ದದ್ದು ತಪ್ಪು. ದೀಪ ಹಿಡಿಯೋಕೆ ಬಂದವಳ ಬಾಯಿ ಮುಚ್ಚಿಸಿದ್ದು ತಪ್ಪು." ಚಮಚ ಕೆಳಗಿಟ್ಟು, "ನಾಳೆ ಅವಳದೇ ತಪ್ಪು ಅಂತ ಬರೆದು ಸಹಿ ಹಾಕು ಅಂತಿದಾರೆ" ಅಂದ.

"ಹಾಕ್ತೀರಾ?"

"ಹಾಕದೇ ಇದ್ರೆ ಆ ಮೇಜು ಹೋಗುತ್ತೆ. ಅದೊಂದು ಬಿಟ್ರೆ ನನಗೇನು ಬರುತ್ತೆ ಹೇಳು?"

ಅವಳು ಎದ್ದು ಹೋಗಿ ಎಡಗೈಯಲ್ಲಿ ನೀರು ತಂದುಕೊಟ್ಟಳು.

ಮಾರನೆಯ ಬೆಳಿಗ್ಗೆ ಮಂಚದ ಅಂಚಿನಲ್ಲಿ ಬಾಚಣಿಗೆ ಇತ್ತು, ಬಾಟಲಿ ಇರಲಿಲ್ಲ. ಗೂಡೂ ಖಾಲಿ.

"ಎಣ್ಣೆ ಎಲ್ಲಿ?"

"ಇವತ್ತು ಬೇಡ. ಬರೀ ಬಾಚಿ ಸಾಕು. ನೋವೇನಿಲ್ಲ ಈಗ."

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಹೇಳುವಾಗ ಸೆರಗು ತಿರುಚುತ್ತಿದ್ದಳು. ಮೇಸ್ತ್ರಿ ಮನೆಯೆಲ್ಲ ಹುಡುಕಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಾಟಲಿ ಪತ್ತೆ ಮಾಡಿ ತಂದ. ಅಂಗೈ ತುಂಬ ಸುರಿದುಕೊಂಡ. ಬೇಡ ರೀ, ಬೇಡ ರೀ ಅನ್ನುತ್ತಿದ್ದವಳು ಬೆರಳು ನೆತ್ತಿಗೆ ತಾಗಿದ್ದೇ ಸುಮ್ಮನಾದಳು. ಅವನು ಎಂದಿಗಿಂತ ನಿಧಾನವಾಗಿ ತಿಕ್ಕಿದ, ಎಳೆ ಎಳೆಯಾಗಿ ಸಿಕ್ಕು ಬಿಡಿಸಿದ, ನೇರವಾಗಿ ಹೆಣೆದ. ಆ ಜಡೆಯಲ್ಲಿ ಹೆಸರಿಡಲು ಏನೂ ಉಳಿಯಲಿಲ್ಲ. ಆಮೇಲೆ ಬಚ್ಚಲಿನ ಕಡೆಗೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿದ.

"ಕೈ ತೊಳೀಲಿಲ್ಲ!" ಅಂದಳು ಹೆಂಡತಿ ಗಾಬರಿಯಿಂದ.

"ತೊಳೆದ್ರೆ ಹೋಗಿ ಮೇಜಿನ ಮುಂದೆ ಕೂತುಬಿಡ್ತೀನಿ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ ಇವತ್ತು."

ಕಾರ್ಖಾನೆಯ ಗೇಟಿನೊಳಗೆ ಅವನು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಡೆದ. ಸಿಲಿಂಡರ್ ಸಾಲಿನಿಂದ ಹತ್ತು ಮಾರು ಆಚೆ ಸರಿದು ಹೋದದ್ದನ್ನು ಕಂಡು ಲೋಡಿಂಗಿನವರು, ಮೇಸ್ತ್ರಿಗೆ ಮೈಲಿಗೆಯಾಗಿದೆಯೋ ಏನೋ ಅಂತ ನಕ್ಕರು. ಆಫೀಸಿನ ಬಾಗಿಲ ಹಿಡಿಯನ್ನೂ ಮುಟ್ಟಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಜೋಡಿಕನ್ನಡಕದವಳಿಗೆ "ಬಾಗಿಲು ತೆಗಿಯಮ್ಮ, ಒಳಗೆ ಬಾ" ಅಂದ.

ಮ್ಯಾನೇಜರು ಫಾರಂ ಮುಂದಕ್ಕೆ ತಳ್ಳಿ ಪೆನ್ನು ಚಾಚಿದರು. ಮೇಸ್ತ್ರಿ ಪೆನ್ನು ತಗೊಳ್ಳಲಿಲ್ಲ. 'ಕಾರಣ' ಅಂತ ಬರೆದಿದ್ದ ಖಾಲಿ ಜಾಗದ ಮೇಲೆ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದು ತೆಗೆದ. ಕಾಗದ ಎಣ್ಣೆ ಕುಡಿದು ಅಷ್ಟು ಜಾಗ ಪಾರದರ್ಶಕವಾಯಿತು. ಸುರುಳಿಯ ಗೆರೆಗಳು, ಅಡ್ಡಲಾಗಿ ಒಂದು ಬರೆ.

"ಇದೇನ್ರೀ ಮೇಸ್ತ್ರಿ?"

"ಕಾರಣ ಸಾರ್. ಇಂಥದ್ದೇ ಇನ್ನೊಂದು ನನ್ನ ಡ್ರಾಯರಿನಲ್ಲಿದೆ, ಹಿತ್ತಾಳೆ ಮೇಲೆ. ದೀಪ ತಗೊಂಡು ಬನ್ನಿ, ತೋರಿಸ್ತೀನಿ. ಇಪ್ಪತ್ತೇಳು ದಿನದಿಂದ ಹೆಂಡತಿ ತಲೆಗೆ ಎಣ್ಣೆ ಹಚ್ಚಿ ಬಂದು ಕೂರ್ತಿದ್ದೆ. ಇವಳು ವಾಲ್ವು ಸರಿಯಾಗೇ ತೆರೆದಳು."

ಮ್ಯಾನೇಜರು ಫಾರಂ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲು ಹೊರಟವರ ದನಿ ಬೈಗುಳಕ್ಕೆ ಬರಲೇ ಇಲ್ಲ. "ಆ ಮೇಜು ಇನ್ನು ನಿಮಗೆ ಸಿಗಲ್ಲ ಮೇಸ್ತ್ರಿ" ಅಂದರು ಕೊನೆಗೆ.

"ಗೊತ್ತು ಸಾರ್."

ಗೊತ್ತಿದ್ದರೂ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳೋಣ ಅಂದರೆ ಕೈ ತುಂಬ ಎಣ್ಣೆ. ಜೋಡಿಕನ್ನಡಕ ತನ್ನ ಕರವಸ್ತ್ರ ತೆಗೆದು, ಬಟ್ಟೆ ಸುತ್ತಿದ ಕೈಯಿಂದಲೇ ಅವನ ಕೆನ್ನೆ ಒರೆಸಿದಳು.

"ಹತ್ತು ದಿನದಿಂದ ನನಗೆ ವಾಸನೆ ಬರ್ತಿತ್ತು ಅಣ್ಣ" ಅಂದಳು. "ಅಕ್ಕನ ಜಡೆ ನೀವೇ ಹಾಕ್ತಿದ್ದೀರಿ ಅಂತ ಗೊತ್ತಾಯ್ತು. ನಿಮ್ಮನ್ನ ಕೇಳೋಕೆ ನಾಲಿಗೆ ಏಳಲಿಲ್ಲ."

"ಇನ್ನು ಮೇಲೆ ಯಾರನ್ನಾದ್ರೂ ಕೇಳು. ದೇವರೇ ಬಂದು ಆ ಮೇಜಿಗೆ ಕೂತರೂ ದೀಪ ಹಿಡಿ."

ಮ್ಯಾನೇಜರು ಇವತ್ತು ಮನೆಗೆ ಹೋಗಿ, ನಾಳೆಯಿಂದ ಕಿಟಕಿ ಪಕ್ಕದ ಮೇಜಿಗೆ ಬನ್ನಿ ಅಂದರು. ಮೇಸ್ತ್ರಿ ಡ್ರಾಯರಿನ ಬೀಗದ ಕೈ ಅವಳಿಗೆ ಕೊಟ್ಟು ಹೊರಟ.

ಮನೆಗೆ ಬಂದಾಗ ಹೆಂಡತಿ ಕಿಟಕಿಯ ಬಳಿ ಕೂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ ಏಳಲು ಹೋದಳು. ಅವನು ಬೇಡ ಅಂತ ಸನ್ನೆ ಮಾಡಿ ಹಿಂದೆ ಬಂದು ನಿಂತು, ಬೆಳಿಗ್ಗೆ ತಾನೇ ಹೆಣೆದ ಜಡೆಯ ಮೇಲೆ ಕೈಯಿಟ್ಟ.

ಅವಳು ತಿರುಗಲಿಲ್ಲ. "ಇವತ್ತು ಮಂಗಳವಾರ ಕಣ್ರೀ" ಅಂದಳು ಮೆಲ್ಲಗೆ.

"ಹೌದು" ಅಂದ ಅವನು. ಕೈ ತೆಗೆಯಲಿಲ್ಲ.